ಮೆಣಸಿನಕಾಯಿಯ ಕುಲ ಯಾವುದು?



ರೊಟ್ಟಿಯ ಮೇಲಷ್ಟು ಕೆಂಪು ಖಾರ. ಎಣ್ಣೆ ಇದ್ದರೆ ಎರಡು ಹನಿ, ಇಲ್ಲದಿದ್ದರೆ ಇಲ್ಲ. ಇಷ್ಟನ್ನೇ ಉಂಡು ಸಾಲಿಗೆ ಹೋದವರು ನಾವು. ಈ ಖಾರ ಎಲ್ಲಿಂದ ಬಂತೆಂದು ಯಾವ ಮಾಸ್ತರರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಪುಸ್ತಕದಲ್ಲಿದ್ದದ್ದು ಕರಿಮೆಣಸು. ಅದಕ್ಕೊಬ್ಬ ರಾಣಿಯೂ ಇದ್ದಳು: ಗೇರುಸೊಪ್ಪೆಯ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಮೆಣಸಿನಕಾಯಿಗೆ ರಾಣಿಯೂ ಇಲ್ಲ, ರಾಜನೂ ಇಲ್ಲ.

ಅದರ ತವರು ಮೆಕ್ಸಿಕೊ ಮತ್ತು ದಕ್ಷಿಣ ಅಮೆರಿಕ. ಈಕ್ವೆಡಾರಿನಲ್ಲಿ ನೆಲದಡಿ ಸಿಕ್ಕ ಅರೆಯುವ ಕಲ್ಲು, ಅಡಿಗೆ ಗಡಿಗೆಗಳಿಗೆ ಅಂಟಿದ್ದ ಪಿಷ್ಟದ ಕಣಗಳನ್ನು ಪರೀಕ್ಷಿಸಿದವರು, ಅಲ್ಲಿಯ ಜನ ಸುಮಾರು 6,100 ವರ್ಷಗಳ ಹಿಂದೆಯೇ ಮೆಣಸಿನಕಾಯಿ ಉಣ್ಣುತ್ತಿದ್ದರೆಂದು 2007ರಲ್ಲಿ ತಿಳಿಸಿದರು. ಅರೆದವರ ಹೆಸರು ಉಳಿದಿಲ್ಲ. ಅರೆದ ಕಲ್ಲು ಉಳಿದಿದೆ.

ಕೊಲಂಬಸ್ ಹುಡುಕಿ ಹೊರಟದ್ದು ಚಿನ್ನ ಮತ್ತು ಕರಿಮೆಣಸು. ಸಿಕ್ಕಿದ್ದು ಇದು. 1493ರ ಜನವರಿ 15ರಂದು ತನ್ನ ದಿನಚರಿಯಲ್ಲಿ ಆತ ಬರೆದುಕೊಂಡ: ಇಲ್ಲಿಯವರ ಮೆಣಸು ನಮ್ಮದಕ್ಕಿಂತ ಹೆಚ್ಚು ಬೆಲೆಬಾಳುವಂಥದ್ದು, ಇದಿಲ್ಲದೆ ಇವರು ಉಣ್ಣುವುದಿಲ್ಲ, ವರ್ಷಕ್ಕೆ ಐವತ್ತು ಹಡಗು ತುಂಬಬಹುದು. ನೋಡಿದ ಕೂಡಲೇ ಹಡಗಿನ ಲೆಕ್ಕ! ಆ ನಡುಗಡ್ಡೆಯ ಟೈನೊ ಜನ ಅದನ್ನು 'ಅಹಿ' ಎನ್ನುತ್ತಿದ್ದರು. ಕೊಲಂಬಸ್ ಹಣ್ಣಿಗೆ ಮೆಣಸಿನ ಹೆಸರಿಟ್ಟ, ಜನರಿಗೆ 'ಇಂಡಿಯನ್ನರು' ಎಂಬ ಹೆಸರಿಟ್ಟ. ಎರಡೂ ತಪ್ಪು, ಎರಡೂ ಉಳಿದವು. ಉಳಿಯದೆ ಹೋದವರು ಟೈನೊಗಳು. ಜೀತ, ಕತ್ತಿ, ಸಿಡುಬು ಸೇರಿ ಕೆಲವೇ ದಶಕಗಳಲ್ಲಿ ಅವರನ್ನು ಬಹುಪಾಲು ಮುಗಿಸಿದವು. ಬೇರೆಯವನಿಟ್ಟ ಹೆಸರು ಹೊತ್ತು ಬದುಕುವುದೆಂದರೇನೆಂದು ಕೇರಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೆಕ್ಸಿಕೊದ ಅಜ್ಟೆಕರ ಬದುಕನ್ನು ಸಾಹಗುನ್ ಎಂಬ ಪಾದ್ರಿ ಹದಿನಾರನೆಯ ಶತಮಾನದಲ್ಲಿ ಅಲ್ಲಿಯ ಹಿರಿಯರನ್ನೇ ಕೇಳಿ ಬರೆಸಿಟ್ಟ. ಕೆಮ್ಮಿಗೆ ಮೆಣಸಿನಕಾಯಿ, ಹಲ್ಲುನೋವಿಗೆ ಉಪ್ಪು ಮೆಣಸಿನಕಾಯಿ. ಉಪವಾಸ ಹಿಡಿದಾಗ ಉಪ್ಪನ್ನೂ ಖಾರವನ್ನೂ ಬಿಡುವುದು. ಅದೇ ಕಾಲದ ಇನ್ನೊಂದು ಚಿತ್ರಪುಸ್ತಕದಲ್ಲಿ ಹನ್ನೊಂದು ವರ್ಷದ ಹುಡುಗನ ಮುಖವನ್ನು ಅಪ್ಪ ಮೆಣಸಿನಕಾಯಿ ಹೊಗೆಗೆ ಹಿಡಿದಿದ್ದಾನೆ. ಈ ಶಿಕ್ಷೆಯ ರುಚಿ ನಮ್ಮಲ್ಲೂ ಕೆಲವರಿಗೆ ಗೊತ್ತು.

ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು. ಅವರ ಹಡಗಿನಲ್ಲಿ ಬಂದದ್ದು ಘಟ್ಟ ಹತ್ತಿ ಎರೆಹೊಲಕ್ಕೆ ಇಳಿಯಿತು. ಯಾಕೆ ಗೆದ್ದಿತು? ಕರಿಮೆಣಸಿನ ಬಳ್ಳಿಗೆ ಮಲೆನಾಡಿನ ಮಳೆ ಬೇಕು, ಹಬ್ಬಲು ಮರ ಬೇಕು, ವರ್ಷಗಟ್ಟಲೆ ಕಾಯುವ ತಾಕತ್ತು ಬೇಕು. ಮೆಣಸಿನಗಿಡಕ್ಕೆ ಹಿತ್ತಲ ಮೂಲೆ ಸಾಕು. ಕೆಲವೇ ತಿಂಗಳಲ್ಲಿ ಕಾಯಿ. ಮೆಣಸು ಕೊಳ್ಳಲಾಗದವರ ನಾಲಿಗೆಗೂ ಖಾರ ಸಿಕ್ಕಿತು.

ಚರಕ, ಸುಶ್ರುತರಲ್ಲಿ ಇದರ ಸುಳಿವಿಲ್ಲ; ಇರುವುದೂ ಸಾಧ್ಯವಿಲ್ಲ. ಅವರ ತ್ರಿಕಟು ಎಂದರೆ ಶುಂಠಿ, ಮೆಣಸು, ಹಿಪ್ಪಲಿ. ಇಂದಿಗೂ ಎಷ್ಟೋ ಬ್ರಾಹ್ಮಣರ ಮನೆಗಳ ಶ್ರಾದ್ಧದಡಿಗೆಯಲ್ಲಿ ಮೆಣಸಿನಕಾಯಿಗೆ ಪ್ರವೇಶವಿಲ್ಲ, ಕರಿಮೆಣಸೇ ಆಗಬೇಕು. ಐದು ನೂರು ವರ್ಷ ದುಡಿದರೂ ಅದಿನ್ನೂ ಹೊಸ್ತಿಲಾಚೆಯೇ ನಿಂತಿದೆ.

ಬೆಳೆಯುವ ಕಷ್ಟ ಬೇರೆ. ಮೊದಲು ಮಡಿಯಲ್ಲಿ ಬೀಜ ಹಾಕಿ ಸಸಿ ಎಬ್ಬಿಸಬೇಕು. (ಮಡಿ ಎಂದರೆ ನಮಗೆ ಇದೊಂದೇ ಅರ್ಥ ಗೊತ್ತಿತ್ತು. ಇನ್ನೊಂದನ್ನು ಬೇರೆಯವರ ಬಾಗಿಲಲ್ಲಿ ಕಲಿತೆವು.) ಆಮೇಲೆ ನಾಟಿ, ಕಳೆ, ಎಲೆ ಮುದುಡುವ ಮುಟುರು ರೋಗದ ಭಯ. ಬಿಡಿಸುವುದು, ಕಣದಲ್ಲಿ ಹರವಿ ಒಣಗಿಸುವುದು. ಹಾವೇರಿ ಜಿಲ್ಲೆಯ ಬ್ಯಾಡಗಿ ಕಾಯಿ ಸುಕ್ಕುಸುಕ್ಕು, ಬಣ್ಣ ಬಹಳ, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಅದರ ಬಣ್ಣ ಹಿಂಡಿ ಪೇಟೆಯ ತಿಂಡಿಗೂ ತುಟಿಗೆ ಹಚ್ಚುವ ರಂಗಿಗೂ ಬಳಸುತ್ತಾರೆ. 2024ರ ಮಾರ್ಚಿಯಲ್ಲಿ ದರ ಕುಸಿದಾಗ ಸಿಟ್ಟಿಗೆದ್ದ ರೈತರು ಬ್ಯಾಡಗಿ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದರು. ಆ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ರೈತನಿಗೂ ದಲಾಲಿಗೂ ನಡುವೆ, ಕಾಯಿರಾಶಿಯ ಮುಂದೆ ಕೂತು ಕಿಲೋ ಲೆಕ್ಕದಲ್ಲಿ ತೊಟ್ಟು ಮುರಿಯುವ ಹೆಂಗಸರಿದ್ದಾರೆ. ಸೀನು, ಕೆಮ್ಮು, ಉರಿಯುವ ಬೆರಳು. ಸಂಜೆ ಮನೆಗೆ ಬಂದು ಆ ಬೆರಳಲ್ಲಿ ಕೂಸನ್ನು ಎತ್ತಿಕೊಳ್ಳಲು ಅಂಜುತ್ತಾರೆ. ನಮ್ಮ ಅವ್ವನೂ ಈ ಕೆಲಸ ಮಾಡಿದವಳೇ.

ಉರಿಯುವುದು ಕ್ಯಾಪ್ಸೈಸಿನ್ ಎಂಬ ವಸ್ತುವಿನಿಂದ. ಅದು ಹೆಚ್ಚಾಗಿ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಹಕ್ಕಿಗೆ ಖಾರ ಹತ್ತುವುದಿಲ್ಲ. ತಿಂದು ಬೀಜ ಹರಡುತ್ತದೆ. ಅಮೆರಿಕದ ಡೇವಿಡ್ ಜೂಲಿಯಸ್ 1997ರಲ್ಲಿ ಕಂಡುಹಿಡಿದದ್ದು: ಬೆಂಕಿಯ ಸುಡುವಿಕೆಯನ್ನು ಅರಿಯುವ ನರದ ಬಾಗಿಲನ್ನೇ ಖಾರವೂ ತಟ್ಟುತ್ತದೆ. ಅಂದರೆ ಖಾರ ರುಚಿಯಲ್ಲ, ನೋವು. 2021ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ಕ್ಯಾಪ್ಸೈಸಿನ್ನಿನ ಮುಲಾಮು, ಪಟ್ಟಿಗಳನ್ನು ಸರ್ಪಸುತ್ತಿನ ನಂತರ ಉಳಿಯುವ ನರನೋವಿಗೆ ಇಂದು ವೈದ್ಯರು ಕೊಡುತ್ತಾರೆ. ಅದು ನೀರಿಗೆ ಕರಗದು, ಎಣ್ಣೆಗೆ ಕರಗುತ್ತದೆ.

ಇದನ್ನೆಲ್ಲ ಓದಿ ಅವ್ವಗ ಹೇಳಿದೆವು. ತೊಟ್ಟು ಮುರಿದು ಬಂದವಳು ಕೈ ಚಾಚಿ ಕೂತಿದ್ದಳು. "ಇದನ್ನ ತಿಳಕೊಳ್ಳಾಕ ಇಷ್ಟು ವರ್ಷ ಬೇಕಾತೇನ ಅವರಿಗೆ? ಗೂಡಿನ್ಯಾಗ ಎಣ್ಣಿ ಐತಿ, ತಗೊಂಡ ಬಾ" ಅಂದಳು.