ದುಡ್ಡು ಕೊಟ್ಟು ಅಳೋದ್ಯಾಕೆ? ಮೇಲುಕೋಟೆ ಕಡೆಯಿಂದ ಒಂದು ಕಣ್ಣೀರಿನ ಚರಿತ್ರೆ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ಮೇಲುಕೋಟೆಗೆ ಹೋಗೋಣ.

ನಿಮ್ಮಲ್ಲಿ ಹೆಚ್ಚಿನವರಿಗೆ ಮೇಲುಕೋಟೆ ಅಂದ್ರೆ ಪುಳಿಯೋಗರೆ, ವೈರಮುಡಿ, ಆಮೇಲೆ ರಾಯಗೋಪುರದ ಮುಂದೆ ತೆಗೆಸ್ಕೊಳ್ಳೋ ಫೋಟೊ. 2007ರ ‘ಗುರು’ ಸಿನಿಮಾದಲ್ಲಿ ಐಶ್ವರ್ಯಾ ರೈ ಮಳೆಯಲ್ಲಿ ಕುಣಿಯೋ ಹಾಡಿದೆಯಲ್ಲ, ಅದರಲ್ಲೂ ಈ ಊರು ಕಾಣುತ್ತೆ. ಅದು ಖುಷಿಯ ಹಾಡು. ನಾನು ಮಾತಾಡಬೇಕು ಅಂದ್ಕೊಂಡಿರೋದು ಕಣ್ಣೀರಿನ ಬಗ್ಗೆ.

2022ರ ಮಾರ್ಚ್ 17 ನೆನಪಿದೆಯಾ? ‘ಜೇಮ್ಸ್’ ಬಿಡುಗಡೆಯಾದ ದಿನ. ಪುನೀತ್ ರಾಜ್‌ಕುಮಾರ್ ಹುಟ್ಟುಹಬ್ಬ. ಅವರು ತೀರಿಕೊಂಡು ಐದು ತಿಂಗಳೂ ಆಗಿರಲಿಲ್ಲ. ಪರದೆ ಮೇಲೆ ಅಪ್ಪು, ದನಿ ಅಣ್ಣ ಶಿವರಾಜ್‌ಕುಮಾರ್ ಅವರದು. ಅದೇನು ಗೋಳಿನ ಸಿನಿಮಾ ಅಲ್ಲ, ಫೈಟು, ಡಾನ್ಸು ಎಲ್ಲ ಇರೋ ಸಿನಿಮಾ. ಆದ್ರೂ ಜನ ಅತ್ತರು. ಗಂಡಸರು ಅತ್ತರು, ಹುಡುಗರು ಅತ್ತರು. ಅದನ್ನು ಮೊಬೈಲಲ್ಲಿ ನೋಡಿದ ಕೆಲವರು ‘ಓವರ್ ಆ್ಯಕ್ಟಿಂಗ್’ ಅಂತ ನಕ್ಕಿದ್ದೂ ಉಂಟು.

ಅದೇ ಮಾರ್ಚ್ 17ಕ್ಕೆ, ಆದರೆ 1905ರಲ್ಲಿ, ಮೇಲುಕೋಟೆಯಲ್ಲಿ ಒಂದು ಮಗು ಹುಟ್ಟಿತ್ತು. ಮುಂದೆ ಕನ್ನಡದ ದೊಡ್ಡ ಕವಿಯಾದ ಪು.ತಿ. ನರಸಿಂಹಾಚಾರ್. ನಾವೆಲ್ಲ ಪು.ತಿ.ನ. ಅಂತೀವಿ. ತಾರೀಖು ಕೂಡಿದ್ದು ಕಾಕತಾಳೀಯ ಅಷ್ಟೇ, ಅದರಲ್ಲೇನೂ ಹುಡುಕ್ಬೇಡಿ. ಆದರೆ ಥಿಯೇಟರಲ್ಲಿ ಅಳೋರನ್ನ ಅರ್ಥ ಮಾಡ್ಕೊಳ್ಳೋಕೆ ಈ ಕವಿ ಬಿಟ್ಟುಹೋದ ಎರಡು ಪದ ಬೇಕಾಗುತ್ತೆ. ಅಲ್ಲಿಗೆ ಆಮೇಲೆ ಬರ್ತೀನಿ.

ಮೊದಲು ಹಳೇ ಪ್ರಶ್ನೆ. ಮನೆಯಲ್ಲಿ ದುಃಖ ಬಂದ್ರೆ ಓಡಿಹೋಗೋ ನಾವು, ನಾಟಕದ ದುಃಖಕ್ಕೆ ಟಿಕೆಟ್ ತಗೊಂಡು ಹೋಗ್ತೀವಲ್ಲ, ಯಾಕೆ? ಇದು ಯೂಟ್ಯೂಬ್ ಕಾಲದ ಪ್ರಶ್ನೆ ಅಂದ್ಕೋಬೇಡಿ. 12ನೇ ಶತಮಾನದಲ್ಲಿ ಗುಜರಾತಿನ ರಾಮಚಂದ್ರ, ಗುಣಚಂದ್ರ ಅನ್ನೋ ಇಬ್ಬರು ಜೈನ ಪಂಡಿತರು ‘ನಾಟ್ಯದರ್ಪಣ’ದಲ್ಲಿ ನೇರವಾಗಿ ಹೇಳಿಬಿಟ್ಟರು: ಕರುಣರಸ ದುಃಖವೇ, ಸಂತೋಷ ಅಲ್ಲ. ಹಾಗಿದ್ರೂ ಜನ ಯಾಕೆ ಬರ್ತಾರೆ ಅಂದ್ರೆ, ಕವಿ ಮತ್ತು ನಟನ ಕೈಚಳಕ ನೋಡೋಕೆ. 14ನೇ ಶತಮಾನದ ವಿಶ್ವನಾಥ ‘ಸಾಹಿತ್ಯದರ್ಪಣ’ದಲ್ಲಿ ಇದನ್ನ ಒಪ್ಪಲಿಲ್ಲ. ಅದು ಬರೀ ದುಃಖ ಆಗಿದ್ರೆ ಯಾರೂ ಆ ಕಡೆ ತಲೆ ಹಾಕ್ತಿರಲಿಲ್ಲ, ರಾಮಾಯಣವನ್ನೂ ಯಾರೂ ಓದ್ತಿರಲಿಲ್ಲ ಅನ್ನೋದು ಅವನ ವಾದ. ಹಾಗಾದ್ರೆ ಕಣ್ಣೀರು? ಮನಸ್ಸು ಕರಗೋದ್ರಿಂದ ಬರುತ್ತೆ ಅಂದ. ಬೆಣ್ಣೆ ಕರಗಿದ ಹಾಗೆ ಅಂತ ನೀವು ಬೇಕಾದ್ರೆ ಸೇರಿಸ್ಕೊಳ್ಳಿ. ಈ ಜಗಳವನ್ನೆಲ್ಲ ಕನ್ನಡದಲ್ಲೇ ಓದ್ಬೇಕು ಅನ್ನೋರಿಗೆ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಇದೆ.

ಪಂಡಿತರು ಸಂಸ್ಕೃತದಲ್ಲಿ ವಾದ ಮಾಡ್ತಾ ಇದ್ರೆ, ಮೇಲುಕೋಟೆಯ ಜನ ತಮ್ಮದೇ ಒಂದು ದುಃಖದ ಕಥೆಯನ್ನ ತಲೆಮಾರಿನಿಂದ ತಲೆಮಾರಿಗೆ ಹೇಳ್ಕೊಂಡು ಬಂದ್ರು. ಬೀಬಿ ನಾಚ್ಚಿಯಾರ್ ಕಥೆ. ಇಲ್ಲಿನ ಉತ್ಸವಮೂರ್ತಿ ಚೆಲುವಪಿಳ್ಳೆ ದೆಹಲಿ ಸುಲ್ತಾನನ ಅರಮನೆ ಸೇರಿತ್ತಂತೆ. ಸುಲ್ತಾನನ ಮಗಳು ಅದನ್ನ ಬೊಂಬೆ ಥರ ಇಟ್ಕೊಂಡು ಆಡ್ತಿದ್ಳಂತೆ. ರಾಮಾನುಜಾಚಾರ್ಯರು ಹೋಗಿ ಮೂರ್ತಿಯನ್ನ ವಾಪಸ್ ತಂದ್ರಂತೆ. ಹುಡುಗಿ ಅಗಲಿಕೆ ತಡೆಯಲಾರದೆ ಹಿಂದೆಯೇ ಬಂದು ದೇವರ ಪಾದದಲ್ಲಿ ಒಂದಾದ್ಳಂತೆ.

ಇಷ್ಟೊಂದು ‘ಅಂತೆ’ ಬೇಕಂತಲೇ ಹಾಕಿದ್ದು. ರಾಮಾನುಜರು ಇಲ್ಲಿದ್ದದ್ದು 12ನೇ ಶತಮಾನದಲ್ಲಿ. ದೆಹಲಿ ಸುಲ್ತಾನರ ಆಳ್ವಿಕೆ ಶುರುವಾಗಿದ್ದು 1206ರಲ್ಲಿ. ಇಸವಿ ಕೂಡೋದಿಲ್ಲ. ಆದರೆ ಇತಿಹಾಸ ಓದೋರು ಇಸವಿ ಕೂಡದ ಕಥೆಯನ್ನ ಬಿಸಾಕಬಾರದು. ಜನ ಯಾಕೆ ಇದನ್ನೇ ಇಟ್ಕೊಂಡ್ರು ಅಂತ ಕೇಳಬೇಕು. ಬೇರೆ ಧರ್ಮದ, ಗೆದ್ದ ರಾಜನ ಮಗಳನ್ನ ಕೇಳುಗರು ಶತ್ರು ಅಂತ ನೋಡಲಿಲ್ಲ, ಅವಳ ಸಂಕಟದಲ್ಲಿ ಪಾಲು ತಗೊಂಡ್ರು. ಇವತ್ತಿಗೂ ಉತ್ಸವಮೂರ್ತಿಯ ಪಾದದ ಹತ್ತಿರ ಅವಳ ಪುಟ್ಟ ವಿಗ್ರಹ ಇದೆ. ಒಂದು ಕಥೆಗೆ ಕೇಳುಗರು ಕೊಡಬಹುದಾದ ಪ್ರತಿಕ್ರಿಯೆ ಇದಕ್ಕಿಂತ ದೊಡ್ಡದು ಯಾವುದಿದೆ ಹೇಳಿ.

ಇಂಥ ಊರಲ್ಲಿ ಬೆಳೆದ ಪು.ತಿ.ನ. 1940ರ ದಶಕದಲ್ಲಿ ‘ಗೋಕುಲ ನಿರ್ಗಮನ’ ಬರೆದರು. ಗೀತನಾಟಕ, ಅಂದ್ರೆ ಹಾಡಿನಲ್ಲೇ ನಡೆಯೋ ನಾಟಕ. ಸಂಗೀತ ಬಲ್ಲ ಕವಿ ಅವರು. ಕಥೆ ನಿಮಗೆ ಗೊತ್ತಿರೋದೇ. ಅಕ್ರೂರ ರಥ ತರ್ತಾನೆ, ಕೃಷ್ಣ ಮಧುರೆಗೆ ಹೊರಡ್ತಾನೆ. ಅಷ್ಟೇ. ಯಾರೂ ಸಾಯಲ್ಲ. ವಿಲನ್ ಇಲ್ಲ, ಅಕ್ರೂರನೂ ಒಳ್ಳೆಯವನೇ. ಒಬ್ಬ ಹುಡುಗ ಊರು ಬಿಡ್ತಾನೆ. ಹೋದವನು ದೊಡ್ಡವನಾಗ್ತಾನೆ, ಲೋಕಕ್ಕೆ ಅದರಿಂದ ಒಳ್ಳೆಯದೇ ಆಗುತ್ತೆ, ಆದರೆ ಆ ಹಳ್ಳಿಗೆ ಮತ್ತೆ ಅವನು ಸಿಗಲ್ಲ. ಬಿ.ವಿ. ಕಾರಂತರು ಇದನ್ನ ನೀನಾಸಂಗಾಗಿ ರಂಗಕ್ಕೆ ತಂದ ಮೇಲೆ, ಓದೋಕೆ ಕಷ್ಟ ಅಂತ ದೂರ ಇಟ್ಟಿದ್ದವರಿಗೂ ಇದರ ಪದ್ಯಗಳು ಕಿವಿಯಿಂದ ಒಳಗಿಳಿದವು.

ನನ್ನ ಪ್ರಕಾರ ಕನ್ನಡದಲ್ಲಿ ಇದಕ್ಕಿಂತ ದುಃಖದ ನಾಟಕಗಳಿವೆ. ಆದರೆ ಪಾಂಡವಪುರದಿಂದಲೋ ಕೆ.ಆರ್. ಪೇಟೆಯಿಂದಲೋ ಬ್ಯಾಗ್ ತಗೊಂಡು ಬೆಂಗಳೂರು ಬಸ್ ಹತ್ತಿದವರಿಗೆ, ಬಸ್ ಸ್ಟ್ಯಾಂಡಲ್ಲಿ ನಿಂತ ಅಮ್ಮನ ಮುಖ ನೋಡಲಾರದೆ ಮೊಬೈಲ್ ನೋಡ್ತಾ ಕೂತವರಿಗೆ, ಇಷ್ಟು ಹತ್ತಿರದ್ದು ಇನ್ನೊಂದಿಲ್ಲ.

ಈಗ ಆ ಎರಡು ಪದ. ಕಾವ್ಯದ ಬಗ್ಗೆ ಬರೀತಾ ಪು.ತಿ.ನ. ಎರಡು ಗುಣ ಹೇಳಿದರು: ಭವನಿಮಜ್ಜನ ಚಾತುರ್ಯ, ಲಘಿಮಾ ಕೌಶಲ. ಗಾಬರಿ ಬೇಡ. ಭವ ಅಂದ್ರೆ ಈ ಸಂಸಾರ, ಈ ಲೋಕ. ನಿಮಜ್ಜನ ಅಂದ್ರೆ ಮುಳುಗೋದು. ಲಘಿಮಾ ಅಂದ್ರೆ ಹಗುರಾಗೋದು. ಕವಿಗೆ ಬದುಕಿನ ಒಳಕ್ಕೆ ಪೂರ್ತಿ ಮುಳುಗೋ ಜಾಣ್ಮೆ ಬೇಕು, ಅಲ್ಲಿಂದ ಹಗುರಾಗಿ ಮೇಲೆ ಬರೋ ಕುಶಲತೆಯೂ ಬೇಕು. ಕಲ್ಯಾಣಿಯಲ್ಲಿ ಈಜು ಕಲಿತವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಅವರು ಹೇಳಿದ್ದು ಕವಿಯ ಬಗ್ಗೆ. ನೋಡುಗರಿಗೂ ಇದು ಹೊಂದುತ್ತೆ ಅಂತ ಎಳೀತಾ ಇರೋದು ನಾನು. ಥಿಯೇಟರಲ್ಲಿ ಗೊಳೋ ಅಂತ ಅತ್ತು ಹೊರಗೆ ಬಂದಾಗ ಎದೆ ಹಗುರ ಅನ್ಸುತ್ತಲ್ಲ, ಅದಕ್ಕೆ ನಮ್ಮ ಭಾಷೆಯಲ್ಲಿ ಇದಕ್ಕಿಂತ ಒಳ್ಳೆ ಹೆಸರು ನನಗೆ ಸಿಕ್ಕಿಲ್ಲ.

ಆದರೆ ಎಲ್ಲ ಕಥೆಯೂ ಹಗುರ ಮಾಡಿ ಕಳಿಸಲ್ಲ. ಮೇಲುಕೋಟೆಯಿಂದ ನಾಗಮಂಗಲದ ಕಡೆ ಹೋಗೋಣ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಬಿ.ಎಂ. ಶ್ರೀಕಂಠಯ್ಯನವರ ಊರು. ಬಿ.ಎಂ.ಶ್ರೀ ಅಂದ್ರೆ ಇಂಗ್ಲಿಷ್ ಪದ್ಯಗಳನ್ನ ಕನ್ನಡಕ್ಕೆ ತಂದವರು ಅಂತ ಪಾಠದಲ್ಲಿ ಓದಿರ್ತೀರಿ. ಗ್ರೀಕರ ದುರಂತ ನಾಟಕವನ್ನ ತಂದವರೂ ಅವರೇ. 1920ರ ದಶಕದಲ್ಲಿ ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕಂ’, ಸೊಫೊಕ್ಲಿಸನ ‘ಅಯಾಸ್’ ಮಾದರಿಯಲ್ಲಿ ‘ಅಶ್ವತ್ಥಾಮನ್’ ಬರೆದರು. ಸಂಸ್ಕೃತ ನಾಟಕದ ಪದ್ಧತಿಯಲ್ಲಿ ನಾಯಕನ ಸಾವನ್ನ ಸಾಮಾನ್ಯವಾಗಿ ರಂಗದ ಮೇಲೆ ತೋರಿಸೋದಿಲ್ಲ, ಕೊನೆಗೆ ಮಂಗಳ ಆಗಲೇಬೇಕು. ಇವರು ನೋಡಿದ್ರೆ, ಚಿರಂಜೀವಿ ಅಂತ ಮನೆಮನೆಯಲ್ಲೂ ನಂಬಿರೋ ಅಶ್ವತ್ಥಾಮನನ್ನೇ ಸಾಯಿಸಿಬಿಟ್ಟರು!

ಅದೇ ಮನೆತನದ ಹುಡುಗಿ, ಬಿ.ಎಂ.ಶ್ರೀ ಅವರ ಸೋದರನ ಮಗಳು, ತ್ರಿವೇಣಿ. ಮನಶ್ಶಾಸ್ತ್ರ ಓದಿದವರು. 1963ರಲ್ಲಿ, 35 ತುಂಬೋ ಮೊದಲೇ ತೀರಿಕೊಂಡರು. ಅವರ ‘ಶರಪಂಜರ’ ಕಾದಂಬರಿಯನ್ನ ಪುಟ್ಟಣ್ಣ ಕಣಗಾಲ್ 1971ರಲ್ಲಿ ಸಿನಿಮಾ ಮಾಡಿದರು. ಬಾಣಂತನದ ನಂತರ ಮನಸ್ಸಿನ ಕಾಯಿಲೆಗೆ ಬಿದ್ದ ಕಾವೇರಿ ವಾಸಿಯಾಗಿ ಮನೆಗೆ ಬರ್ತಾಳೆ. ಅವಳು ವಾಸಿಯಾಗಿದ್ದಾಳೆ, ಆದರೆ ಮನೆಯವರಿಗೆ, ನೆಂಟರಿಗೆ, ಬೀದಿಯವರಿಗೆ ಅವಳು ‘ಹುಚ್ಚಿ’ಯೇ. ಕೊನೆಗೆ ಮತ್ತೆ ಆಸ್ಪತ್ರೆ. ಕಾವೇರಿಯಾಗಿದ್ದ ಕಲ್ಪನಾ ಇಂದಿಗೂ ಆ ಪಾತ್ರದಿಂದಲೇ ನೆನಪಾಗ್ತಾರೆ.

ಇಂಥ ಸಿನಿಮಾಗಳಿಗೆ ‘ಅಳುಮುಂಜಿ ಸಿನಿಮಾ’ ಅಂತ ಹೆಸರಿಟ್ಟು ಪಕ್ಕಕ್ಕೆ ತಳ್ಳೋದು ಸುಲಭ. ಹಾಗೆ ತಳ್ಳೋದು ಹೆಚ್ಚಾಗಿ ಗಂಡಸರು. ಹೆಂಗಸರು ಸೆರಗಲ್ಲಿ ಕಣ್ಣೊರೆಸ್ಕೊಂಡು ಬರೋದು ನೋಡಿ ತಮಾಷೆ ಮಾಡೋದು ಒಂದು ಕಾಲದ ಜೋಕು. ಯೋಚನೆ ಮಾಡಿ: ಬಾಣಂತಿಯ ಖಿನ್ನತೆ ಬಗ್ಗೆ ಮನೆಯಲ್ಲಿ ಬಾಯಿಬಿಡೋ ಹಾಗಿಲ್ಲದ ಕಾಲ ಅದು. ಕತ್ತಲ ಹಾಲಿನಲ್ಲಿ, ಇನ್ನೊಬ್ಬಳ ಹೆಸರಲ್ಲಿ, ಯಾರಿಗೂ ಕಾರಣ ಹೇಳದೆ ಅಳಬಹುದಿತ್ತು. ಈ ಸಿನಿಮಾ ಮುಳುಗಿಸುತ್ತೆ, ಮೇಲೆತ್ತಲ್ಲ. ಪು.ತಿ.ನ. ಅವರ ಅಳತೆಗೋಲಲ್ಲಿ ಅರ್ಧ ಅಂಕ ಕಮ್ಮಿ ಬೀಳಬಹುದು. ನಾನಂತೂ ಕಮ್ಮಿ ಮಾಡಲ್ಲ. ಎದೆ ಭಾರ ಹಾಗೇ ಉಳಿಸ್ಕೊಂಡು ಮನೆಗೆ ಹೋಗಿ ಅತ್ತೆಯನ್ನೋ ಗಂಡನನ್ನೋ ಬೇರೆ ಕಣ್ಣಲ್ಲಿ ನೋಡೋದೂ ಒಂದು ಪ್ರತಿಕ್ರಿಯೆಯೇ ತಾನೇ?

ಗಂಡಸರು ಅಳಲ್ಲ ಅನ್ನೋದೂ ಸುಳ್ಳು. ಗಾಂಧೀಜಿ ಹುಡುಗನಾಗಿದ್ದಾಗ ಹರಿಶ್ಚಂದ್ರ ನಾಟಕ ನೋಡಿ, ಅದನ್ನ ನೆನೆಸ್ಕೊಂಡು ಎಷ್ಟೋ ಸಲ ಅತ್ತಿದ್ದಾಗಿ ಆತ್ಮಕಥೆಯಲ್ಲೇ ಬರ್ಕೊಂಡಿದ್ದಾರೆ. ನಮ್ಮ ಮಂಡ್ಯ ಸೀಮೆಯ ಹಳ್ಳಿಗಳಿಗೆ ಬಂದ್ರೆ, ‘ಕುರುಕ್ಷೇತ್ರ’ ನಾಟಕ ಇನ್ನೂ ನಡೆಯುತ್ತೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹಾಡು ಕಲಿಸ್ತಾರೆ, ಸೀನರಿ ಬಾಡಿಗೆಗೆ ಬರುತ್ತೆ, ದುರ್ಯೋಧನ ಆಗೋನು ದುಡ್ಡು ಹಾಕಿ ಪಾರ್ಟು ತಗೊಂಡಿರ್ತಾನೆ. ರಾತ್ರಿಯೆಲ್ಲ ನಡೆಯುತ್ತೆ. ಶೋಕದ ಹಾಡಿಗೆ ಮುಂದೆ ಕೂತ ಅಜ್ಜಿ ಕಣ್ಣೊರೆಸ್ಕೋತಾಳೆ, ಹಿಂದೆ ನಿಂತ ಹುಡುಗರು ‘ಒನ್ಸ್ ಮೋರ್’ ಅಂತ ಕೂಗ್ತಾರೆ. ಪುತ್ರಶೋಕಕ್ಕೆ ಒನ್ಸ್ ಮೋರ್! ಅಳ್ತಿದ್ದವನು ಎದ್ದು, ಮೇಷ್ಟ್ರಿಗೆ ತಲೆಯಾಡಿಸಿ, ಮೊದಲಿಂದ ಮತ್ತೆ ಅಳ್ತಾನೆ. ಅಜ್ಜಿಯೂ ಮತ್ತೆ ಅಳ್ತಾಳೆ. ಬೆಳಗಿನ ಜಾವ ಮಂಗಳದ ಹೊತ್ತಿಗೆ ಸತ್ತವರು, ಕೊಂದವರು ಎಲ್ಲ ಸಾಲಾಗಿ ನಿಂತಿರ್ತಾರೆ. ಅಷ್ಟರಲ್ಲಿ ಹಾಲು ಕರೆಯೋ ಹೊತ್ತಾಗಿರುತ್ತೆ, ಡೈರಿಗೆ ಹಾಲು ಹಾಕಬೇಕಾದವರು ಚಾಪೆ ಸುತ್ಕೊಂಡು ಹೊರಟಿರ್ತಾರೆ.