ತೋಡಿಕೊಳ್ಳುವ ಮಾತು

ನಾಯಕನಹಟ್ಟಿಯ ಬಸ್ ನಿಲ್ದಾಣದಲ್ಲಿ ಹುಡುಗಿಯೊಬ್ಬಳು ಫೋನಿನಲ್ಲಿ ಗೆಳತಿಗೆ ಹೇಳುತ್ತಿದ್ದಳು: ‘ಮೂರು ಸಲ ಕೌನ್ಸೆಲಿಂಗ್ ಆಯ್ತು ಕಣೇ, ಈಗ ಪರವಾಗಿಲ್ಲ.’ ಪಕ್ಕದಲ್ಲಿ ಗಂಟಿನ ಮೇಲೆ ಕೂತಿದ್ದ ಅಜ್ಜಿ ತಡೆಯಲಾರದೆ ಕೇಳಿಯೇಬಿಟ್ಟಳು: ‘ಯಾವ ಕಾಲೇಜು ಸಿಕ್ತವ್ವಾ?’

ಅಜ್ಜಿಯದೇನೂ ತಪ್ಪಿಲ್ಲ. ನಮ್ಮಲ್ಲಿ ಕೌನ್ಸೆಲಿಂಗ್ ಅಂದರೆ ಸಿಇಟಿ ಸೀಟು. ಮೇಷ್ಟ್ರ ಮನೆಯಲ್ಲಾದರೆ ವರ್ಗಾವಣೆ. ನೊಂದ ಮನಸ್ಸಿಗೂ ಆ ಮಾತಿಗೂ ಸಂಬಂಧವಿದೆಯೆಂದು ಊರಿಗೆ ಇನ್ನೂ ಯಾರೂ ಡಂಗುರ ಸಾರಿಲ್ಲ. ಕನ್ನಡದಲ್ಲೇ ಹೇಳೋಣವೆಂದರೆ ‘ಆಪ್ತ ಸಮಾಲೋಚನೆ’ ಇದೆ. ಈ ಜೋಡಿಪದ ಬೋರ್ಡಿನ ಮೇಲೆ ನೆಟ್ಟಗೆ ನಿಲ್ಲುತ್ತದೆ, ಬಾಯಿಗೆ ಬಂದರೆ ಮುಗ್ಗರಿಸುತ್ತದೆ. ಸಾಲದ್ದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಪರೀಕ್ಷೆಯ ಕೊಠಡಿಗೂ ಅದೇ ಹೆಸರು ಬರೆಸಿದ್ದಾರೆ. ಹೀಗಿರುವಾಗ ಮನಸ್ಸು ಕೆಟ್ಟಿದೆಯೆಂದು ಆ ಬಾಗಿಲ ಮುಂದೆ ಯಾರು ನಿಂತಾರು? ನೋಡಿದ ನೆಂಟರು ಸಂಜೆಯೊಳಗೆ ಊರಿಗೆಲ್ಲ ಬೇರೆಯದೇ ಕತೆ ಮುಟ್ಟಿಸಿರುತ್ತಾರೆ.

ನಮ್ಮ ಹತ್ತಿರ ಇದಕ್ಕೆ ಹಳೆಯದೊಂದು ಮಾತಿತ್ತು: ತೋಡಿಕೊಳ್ಳುವುದು. ಅದನ್ನು ಪತ್ರಿಕೆಯವರು ಕೆಡಿಸಿದರು. ಈರುಳ್ಳಿ ಬೆಲೆ ಬಿದ್ದರೂ ‘ರೈತರು ಅಳಲು ತೋಡಿಕೊಂಡರು’, ಚರಂಡಿ ಕಟ್ಟಿಕೊಂಡರೂ ‘ನಿವಾಸಿಗಳು ಅಳಲು ತೋಡಿಕೊಂಡರು’. ದಿನವೂ ಇಷ್ಟೊಂದು ಜನ ತೋಡಿದ್ದರೆ ಚಿತ್ರದುರ್ಗ ಜಿಲ್ಲೆ ಇಷ್ಟು ಹೊತ್ತಿಗೆ ಪಾತಾಳ ಮುಟ್ಟಬೇಕಿತ್ತು. ಅದು ದೂರು ಕಣ್ರೀ. ದೂರು ಕೊಡುವುದು, ತೋಡುವುದಲ್ಲ.

ನನ್ನದೊಂದು ವಾದವಿದೆ, ಪಂಡಿತರು ಒಪ್ಪಬೇಕಾಗಿಲ್ಲ. ಈ ಮಾತು ಬಯಲುಸೀಮೆಯಲ್ಲೇ ಹುಟ್ಟಿದ್ದು. ಕರಾವಳಿಯವರನ್ನು ಕೇಳಿ, ‘ತೋಡು’ ಅಂದರೆ ಅವರಿಗೆ ಮನೆಯ ಪಕ್ಕ ತಾನಾಗಿ ಹರಿಯುವ ಸಣ್ಣ ಹಳ್ಳ. ಅವರಿಗೆ ಅದು ನಾಮಪದ, ನಮಗೆ ಕ್ರಿಯಾಪದ. ಚಳ್ಳಕೆರೆ ಸೀಮೆಯಲ್ಲಿ ವೇದಾವತಿ ಬೇಸಿಗೆಗೆ ಬರೀ ಮರಳು. ಆ ಮರಳಲ್ಲಿ ಮೊಣಕಾಲೂರಿ ಕೈಯಲ್ಲೇ ತೋಡಬೇಕು. ಮೊದಲು ಜಿನುಗುವುದು ಕೆಸರು ನೀರು. ಅದನ್ನು ಬಗೆದು ಚೆಲ್ಲಿ, ಕಾದು ಕೂತರೆ ತಿಳಿನೀರು. ಜೊತೆಗೆ ಬಂದವರು ಒರತೆಯ ದಡದಲ್ಲಿ ಕೂತು ಬಿಂದಿಗೆ ಹಿಡಿಯಬಹುದು. ತೋಡುವವರು ಮಾತ್ರ ನೀವೇ. ‘ಕೊಳ್ಳು’ ಅಂಟಿಕೊಂಡಿರುವುದು ಅದಕ್ಕೇ. ಸಮಾಲೋಚನೆಯಲ್ಲಿ ಕೆಲಸವೆಲ್ಲ ಸಮಾಲೋಚಕರದೇ ಅನ್ನುವ ಧ್ವನಿಯಿದೆ. ಇಲ್ಲಿ ಹಾಗಿಲ್ಲ.

ಈಗ ಎಲ್ಲಿದೆ ಒರತೆ? ಮರಳು ಲಾರಿ ಹತ್ತಿತು, ಊರವರು ಬೋರ್ ಕೊರೆಸಿದರು. ಕೊರೆಯುವುದೂ ಮನಸ್ಸಿಗೆ ಸಂಬಂಧಪಟ್ಟದ್ದೇ. ಚಿಂತೆ ಒಳಗೇ ಕೊರೆಯುತ್ತದೆ, ಕೆಲವರು ಅದನ್ನೆಲ್ಲ ಪಕ್ಕದವರ ಕಿವಿಯಲ್ಲಿ ಕೊರೆಯುತ್ತಾರೆ. ‘ಕೊರೀಬೇಡ ಹೋಗಪ್ಪಾ’ ಅನ್ನುವ ಪಟ್ಟಣದ ಹುಡುಗರು, ಹೇಳಿಕೊಳ್ಳಲು ಬಂದ ಗೆಳೆಯನಿಗೂ ಅದನ್ನೇ ಅನ್ನುತ್ತಾರೆ. ಇದು ನನಗೆ ಸಿಟ್ಟು ತರಿಸುವ ಸಂಗತಿ.

ತೋಡುವ ವಿಷಯ ಬಂದಮೇಲೆ ಹಟ್ಟಿ ತಿಪ್ಪೇಶನನ್ನು ಬಿಟ್ಟು ಮುಂದೆ ಹೋಗಲಾಗದು. ತಿಪ್ಪೇಶ ಅಂದರೆ ನಾಯಕನಹಟ್ಟಿಯ ಗುರು ತಿಪ್ಪೇರುದ್ರಸ್ವಾಮಿ, ಈ ಒಣಸೀಮೆಯಲ್ಲಿ ಕೆರೆ ಕಟ್ಟಿಸಿದವರು. ಅವರ ‘ಮಾಡಿದಷ್ಟು ನೀಡು ಭಿಕ್ಷೆ’ ಆಟೋ, ಲಾರಿ, ಮದುವೆ ಕರೆಯೋಲೆ ಎಲ್ಲದರ ಮೇಲೂ ಇದೆ. ಗಂಡ ಕುಡಿದು ಬಡಿದನೆಂದು ಅಳುತ್ತ ಬಂದ ಹೆಣ್ಣುಮಗಳಿಗೆ, ಬೆಳೆ ಹೋಗಿ ಮಂಕಾದವನಿಗೆ ನಮ್ಮ ಹಿರಿಯರು ತಟ್ಟನೆ ಈ ಮಾತು ಎಸೆಯುವುದನ್ನು ಕೇಳಿದ್ದೇನೆ: ಮಾಡಿದಷ್ಟು ನೀಡು ಭಿಕ್ಷೆ, ಅಂದರೆ ಹಿಂದೆ ಮಾಡಿದ್ದನ್ನು ಈಗ ಅನುಭವಿಸು. ಇದಕ್ಕಿಂತ ತಪ್ಪು ಅರ್ಥ ಇನ್ನೊಂದಿಲ್ಲ. ಅದನ್ನು ‘ಮಾಡಿದ್ದುಣ್ಣೋ ಮಹರಾಯ’ ಜೊತೆ ಒಂದೇ ಪಂಕ್ತಿಯಲ್ಲಿ ಕೂರಿಸಿದವರು ಯಾರೋ! ಇದು ಶಾಪದ ಮಾತಲ್ಲ, ಕೂಲಿಯ ಮಾತು. ಕೆರೆ ಕೆಲಸದವರು ಸಂಜೆ ಮರಳ ಗುಡ್ಡೆ ಮಾಡಿಕೊಂಡರೆ, ಅವರವರು ದುಡಿದಷ್ಟು ಹಣ ಅವರವರ ಗುಡ್ಡೆಯಲ್ಲೇ ಸಿಗುತ್ತಿತ್ತೆಂಬ ಕತೆಯಿದೆ. ಗುಡ್ಡೆ ನಿನ್ನದು, ಕೈಹಾಕುವವನೂ ನೀನು, ಸಿಗುವುದೂ ನಿನಗೇ. ಎಷ್ಟು ತೋಡಿದೆಯೋ ಅಷ್ಟು. ನೊಂದವರಿಗೆ ಹೇಳಬೇಕಾದ್ದೇ ಇದು. ನಾವು ಮಾತನ್ನು ಉಳಿಸಿಕೊಂಡು ಗುದ್ದಲಿ ಕಳಕೊಂಡೆವು.

ಬರೆದು ತೋಡಿಕೊಳ್ಳುವುದೂ ಉಂಟು. ಅಮೆರಿಕದಲ್ಲಿ ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞ ಕಾಲೇಜು ಹುಡುಗರನ್ನು ಕೂರಿಸಿ, ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತೀರಾ ನೋಯಿಸಿದ್ದನ್ನು ಬರೆಸಿದ. 1986ರಲ್ಲಿ ಫಲಿತಾಂಶ ಪ್ರಕಟವಾಯಿತು: ಆಮೇಲಿನ ತಿಂಗಳುಗಳಲ್ಲಿ ಅವರು ಡಾಕ್ಟರ ಬಳಿ ಹೋದದ್ದು ಕಡಿಮೆ. ಬರೆದ ತಕ್ಷಣವಂತೂ ಮನಸ್ಸು ಇನ್ನಷ್ಟು ಕುಗ್ಗಿತ್ತು. ಮೊದಲು ಕೆಸರು ನೀರು, ನಮ್ಮ ಹೆಂಗಸರಿಗೆ ಗೊತ್ತಿದ್ದದ್ದೇ. ತೇರಿನ ಮೇಲೆ ಎಸೆಯುವ ಬಾಳೆಹಣ್ಣಿನ ಮೇಲೆ ನಮ್ಮ ಜನ ಪೆನ್ನಿನಲ್ಲಿ ಬರೆಯುವುದನ್ನು ನೋಡಿದ್ದೀರಲ್ಲ? ನೌಕರಿ, ಪ್ರೇಮ, ಅತ್ತೆಯ ಮೇಲಿನ ಸಿಟ್ಟು. ಅದೂ ಒಂದು ಬಗೆಯ ಬರವಣಿಗೆ ಚಿಕಿತ್ಸೆಯೇ. ಓದುವವರಿಲ್ಲ ಅನ್ನುವುದೇ ಅದರ ಗುಣ.

ಅಕ್ಷರ ಬಾರದವರು ಹಾಡಿಕೊಂಡರು. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಓದುಬರಹ ಬಾರದ ಕಾಡುಗೊಲ್ಲ ಹೆಣ್ಣುಮಗಳು, ಸಾವಿರಾರು ಪದ ಬಲ್ಲವಳು. ಅಂಥ ಪದಗಳನ್ನು ಜಾನಪದವೆಂದು ಕಪಾಟಿನಲ್ಲಿಟ್ಟೆವು. ಆದರೆ ಮುಟ್ಟು, ಬಾಣಂತನವೆಂದು ಹಟ್ಟಿಯ ಹೊರಗಿನ ಗುಡಿಸಲಿಗೆ ಅಟ್ಟಿಸಿಕೊಂಡ ಹೆಂಗಸರು ಯಾರ ಮುಂದೆ ತೋಡಿಕೊಳ್ಳಬೇಕಿತ್ತು? ಆ ಗುಡಿಸಲನ್ನು ಒಳ್ಳೆಯದೆನ್ನುವಷ್ಟು ಭಾವುಕ ನಾನಲ್ಲ.

ನೊಂದ ಮನಸ್ಸಿಗೆ ಮದ್ದು ಹುಡುಕುವ ವಿದ್ಯೆ ಕನ್ನಡಕ್ಕೆ ಹೊಸದಲ್ಲ. ‘ಕೊರವಂಜಿ’ ನಗೆಪತ್ರಿಕೆ ನಡೆಸಿದ ಡಾಕ್ಟರ್ ಶಿವರಾಂ, ನಮ್ಮ ‘ರಾಶಿ’, ಮನಸ್ಸಿನ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮೊಳಕಾಲ್ಮೂರಿನ ಗಡಿ ದಾಟಿದರೆ ಸಿಗುವ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಈಗ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನಸ್ಸಿನ ಕಾಯಿಲೆಗೆಂದೇ ಮಂಗಳವಾರದ ‘ಮನೋಚೈತನ್ಯ’ ಇದೆ. 14416ಕ್ಕೆ ಫೋನು ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಕೇಳಿಸಿಕೊಳ್ಳುತ್ತಾರೆ, ಕಾಸಿಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ ‘ಟೆಲಿ ಮಾನಸ್’ ಅದು.

ಆಸ್ಪತ್ರೆಗೆ ಬೋರ್ಡು ಬರೆಸುವ ಅಧಿಕಾರಿಗಳಲ್ಲಿ ಒಂದು ಮನವಿ. ಮುಂದಿನ ಸಲ ಬಣ್ಣ ಬಳಿಸುವಾಗ ‘ಆಪ್ತ ಸಮಾಲೋಚನಾ ಕೇಂದ್ರ’ವನ್ನು ಅಳಿಸಿ, ‘ಇಲ್ಲಿ ಕಷ್ಟಸುಖ ತೋಡಿಕೊಳ್ಳಬಹುದು’ ಎಂದು ಬರೆಸಿ. ಎಚ್‌ಐವಿ ಪರೀಕ್ಷೆಗೆ ಬೇರೆ ಬಾಗಿಲು ಇರಲಿ.