ಪಬ್ಬ, ಹಬ್ಬ, ಅಬ್ಬ

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಮಾತನ್ನು ಕೇಳಿ ನಗುವವರಿಗೆ ಅಲ್ಲಿ ಮೊದಲು ಕಿವಿಗೆ ಬೀಳುವುದು ಹಕಾರದ ಗೈರುಹಾಜರಿ. ಹಳ್ಳಿ ‘ಅಳ್ಳಿ’, ಹಾಲು ‘ಆಲು’, ಹಬ್ಬ ‘ಅಬ್ಬ’. ಅದರ ಜೊತೆಗೆ ಮನೆಗೆ ಹೋಗುವವರು ‘ಮನಗ’ ಹೋಗುತ್ತಾರೆ. ಇಷ್ಟು ಕೇಳಿದ ಮೇಲೆ ‘ಇವರಿಗೆ ಕನ್ನಡವೇ ಸರಿಯಾಗಿ ಬರುವುದಿಲ್ಲ’ ಎಂಬ ತೀರ್ಪು ತಡವಾಗುವುದಿಲ್ಲ. ಪುಸ್ತಕದ ಕನ್ನಡವೇ ಮೊದಲಿತ್ತು, ಓದುಬರಹವಿಲ್ಲದವರ ಬಾಯಲ್ಲಿ ಅದು ಕೆಟ್ಟಿತು ಎಂಬ ನಂಬಿಕೆ ಈ ತೀರ್ಪಿನ ತಳದಲ್ಲಿದೆ. ಭಾಷೆಯ ಚರಿತ್ರೆ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ.

ಸಂಸ್ಕೃತದ ‘ಪರ್ವ’ ಹಳಗನ್ನಡದಲ್ಲಿ ‘ಪಬ್ಬ’ವಾಗಿತ್ತು. 10ನೇ ಶತಮಾನದ ಪಂಪನ ಕನ್ನಡದಲ್ಲಿ ಹಾಲು ‘ಪಾಲ್’, ಹಳ್ಳಿ ‘ಪಳ್ಳಿ’. ಮುಂದಿನ ಶತಮಾನಗಳ ಶಾಸನಗಳಲ್ಲಿ ಪಕಾರ, ಹಕಾರ ಎರಡೂ ಬೆರೆತು ಕಾಣುತ್ತವೆ; 15ನೇ ಶತಮಾನದ ಕುಮಾರವ್ಯಾಸನ ಹೊತ್ತಿಗೆ ಹಕಾರ ಗೆದ್ದಾಗಿತ್ತು. ತುಟಿ ಮುಚ್ಚಿ ನುಡಿಯುತ್ತಿದ್ದ ಪಕಾರ ಸಡಿಲಗೊಂಡು ಬರಿಯ ಉಸಿರಾದದ್ದು ಮೊದಲ ಹೆಜ್ಜೆ, ಆ ಉಸಿರೂ ಕರಗಿದ್ದು ಎರಡನೆಯ ಹೆಜ್ಜೆ. ಲ್ಯಾಟಿನ್ನಿನಲ್ಲಿ ಮಗನಿಗೆ ಇದ್ದ ‘ಫಿಲಿಯುಸ್’ ಎಂಬ ಪದ ಸ್ಪ್ಯಾನಿಷ್‌ನಲ್ಲಿ ‘ಇಹೊ’ ಆದದ್ದೂ ಇಂಥದೇ ದಾರಿಯಲ್ಲಿ: ಆರಂಭದ ಫಕಾರ ಹಕಾರವಾಗಿ, ಆ ಹಕಾರವೀಗ ಬರಹದಲ್ಲಷ್ಟೇ ಉಳಿದಿದೆ. ‘ಪಾಲ್’ ಎಂಬುದನ್ನು ‘ಹಾಲು’ ಮಾಡಿಕೊಂಡವರನ್ನು ಯಾರೂ ಕನ್ನಡ ಕೆಡಿಸಿದವರೆಂದು ದೂರುವುದಿಲ್ಲ. ಹಾಗಿದ್ದಮೇಲೆ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟವರನ್ನು ದೂರಲು ಯಾವ ನ್ಯಾಯವಿದೆ?

ಈ ಎರಡು ಹೆಜ್ಜೆಗಳ ನಡುವಿನ ಘಟ್ಟಕ್ಕೆ ಗುಂಡ್ಲುಪೇಟೆಯ ತೆಂಕಣ ಬೆಟ್ಟಗಳಲ್ಲಿ ಸಾಕ್ಷಿಯಿದೆ. ನೀಲಗಿರಿಯ ಬಡಗರ ಹೆಸರೇ ಅವರು ಬಡಗಣಿಂದ, ಅಂದರೆ ಮೈಸೂರು ಸೀಮೆಯ ಕಡೆಯಿಂದ, ಬಂದವರೆಂದು ಸಾರುತ್ತದೆ. 1565ರ ತಾಳಿಕೋಟೆ ಕದನದ ನಂತರದ ಗೊಂದಲದಲ್ಲಿ ಅವರು ಬೆಟ್ಟ ಹತ್ತಿದರೆಂಬುದು ವಾಡಿಕೆಯ ವಿವರಣೆ. 1603ರಲ್ಲಿ ನೀಲಗಿರಿಗೆ ಹೋದ ಜೆಸ್ಯೂಟ್ ಪಾದ್ರಿ ಫೆನಿಸಿಯೊನ ಬರಹದಲ್ಲಿ ಬಡಗರ ಪ್ರಸ್ತಾಪವಂತೂ ಇದೆ. ಅವರ ಊರು ಇವತ್ತಿಗೂ ‘ಹಟ್ಟಿ’, ಅವರ ದೊಡ್ಡ ಆಚರಣೆ ‘ಹೆತ್ತೆ ಹಬ್ಬ’. ಎಂದರೆ ಪಕಾರ ಹಕಾರವಾದ ಮೇಲಿನ ಕನ್ನಡವನ್ನೇ ಅವರು ಹೊತ್ತೊಯ್ದರು. ಬಯಲಿನಲ್ಲಿ ಉಳಿದವರಲ್ಲಿ ಬಹಳ ಜನ ಆ ಹಕಾರವನ್ನೂ ಬಿಟ್ಟರು. 2011ರ ಜನಗಣತಿ ಸುಮಾರು 1.33 ಲಕ್ಷ ಬಡಗ ಮಾತುಗಾರರನ್ನು ಕನ್ನಡದ ಲೆಕ್ಕಕ್ಕೇ ಸೇರಿಸಿದೆ. ಬಡಗ ಬೇರೆಯೇ ಭಾಷೆ ಎನ್ನುವ ವಿದ್ವಾಂಸರೂ ಇದ್ದಾರೆ. ಯಾವುದು ನುಡಿ, ಯಾವುದು ಒಳನುಡಿ ಎಂಬ ಗೆರೆಯನ್ನು ಕಿವಿಯೊಂದೇ ಎಳೆಯುವುದಿಲ್ಲ ಎಂಬುದಕ್ಕೆ ಈ ಭಿನ್ನಾಭಿಪ್ರಾಯವೇ ಪುರಾವೆ.

ಇದಕ್ಕೆ ಎರಡು ಆಕ್ಷೇಪ ಏಳಬಹುದು. ಮೊದಲನೆಯದು, ಇದೆಲ್ಲ ಗಡಿನಾಡಿನ ತಮಿಳು, ಮಲಯಾಳಂಗಳ ಪ್ರಭಾವ ಎಂಬುದು. ಆದರೆ ಹಕಾರ ಬಿಡುವವರು ಗಡಿಯಿಂದ ದೂರದ ಮಂಡ್ಯದಲ್ಲೂ ಇದ್ದಾರೆ. ಮೇಲಾಗಿ ಕೊಳ್ಳೇಗಾಲ 1799ರಿಂದ 1956ರವರೆಗೆ ಕೊಯಮತ್ತೂರಿಗೆ ಸೇರಿ ಮದ್ರಾಸಿನ ಆಡಳಿತದಲ್ಲಿತ್ತು. ಒಂದೂವರೆ ಶತಮಾನದ ಆ ಗಡಿ ಅಲ್ಲಿನ ಮಾತನ್ನು ನೆರೆಯ ಚಾಮರಾಜನಗರದ ಮಾತಿನಿಂದ ಬೇರ್ಪಡಿಸಲಿಲ್ಲ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಿಗೆ ಮದ್ರಾಸಿಗೆ ಸೇರಿದ್ದ ಚಿಕ್ಕಲ್ಲೂರೂ ಮೈಸೂರಿಗೆ ಸೇರಿದ್ದ ಬೊಪ್ಪೇಗೌಡನಪುರವೂ ಒಂದೇ ಪರಂಪರೆಯ ನೆಲೆಗಳು. ಮಾತು ಕಂದಾಯ ಇಲಾಖೆಯ ನಕ್ಷೆಗಿಂತ ಜಾತ್ರೆಯ ದಾರಿಯನ್ನೇ ಹೆಚ್ಚು ಹಿಡಿದಿದೆ. 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅರಿಕುಠಾರವನ್ನು ಚಾಮರಾಜನಗರವೆಂದು ಕರೆದರು. ಊರಿನ ಹೆಸರು ಅಪ್ಪಣೆಯಿಂದ ಬದಲಾದೀತು, ಊರವರ ಉಚ್ಚಾರಣೆ ಹಾಗೆ ಬದಲಾಗದು. ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಈ ವ್ಯತ್ಯಾಸ ಊರಿನದಲ್ಲ, ಜಾತಿಯದು. ಪುಣೆಯ ಡೆಕ್ಕನ್ ಕಾಲೇಜಿನಿಂದ 1968ರಲ್ಲಿ ಬಂದ ಯು.ಪಿ. ಉಪಾಧ್ಯಾಯರ ‘ನಂಜನಗೂಡು ಕನ್ನಡ’ ಅಧ್ಯಯನವೇ ಒಕ್ಕಲಿಗರ ಮಾತು ಎಂದು ತನ್ನ ವ್ಯಾಪ್ತಿಯನ್ನು ಹೇಳಿಕೊಂಡಿದೆ. ಒಂದೇ ಊರಿನ ಒಂದು ಬೀದಿಯಲ್ಲಿ ಹಕಾರ ಇದ್ದು, ಇನ್ನೊಂದರಲ್ಲಿ ಇಲ್ಲದಿರಬಹುದು ಎಂಬುದು ನಿಜ. ಆದ್ದರಿಂದ ಬಡಗರು ಹೊರಟ ಕಾಲಕ್ಕೆ ಎಲ್ಲರ ಬಾಯಲ್ಲೂ ಹಕಾರವಿತ್ತು ಎಂದು ಪ್ರಮಾಣ ಮಾಡಲಾಗದು. ಆದರೆ ಈ ಆಕ್ಷೇಪ ನಗುವಿನ ಮೂಲವನ್ನೂ ಬಯಲು ಮಾಡುತ್ತದೆ. ಅಕ್ಷರ ಕೈಯಲ್ಲಿದ್ದವರು ಉಳಿಸಿಕೊಂಡ ಧ್ವನಿ ಶುದ್ಧವೆನಿಸಿತು, ಅಕ್ಷರದಿಂದ ದೂರವಿಟ್ಟವರ ಧ್ವನಿ ಅಶುದ್ಧವೆನಿಸಿತು. ‘ಅಕ್ಕಿ’ಗೆ ಹೆದರಿ ‘ಹಕ್ಕಿ’ ಎನ್ನುವ ತಪ್ಪು ಹುಟ್ಟುವುದೂ ತಿದ್ದಿಸಿಕೊಂಡ ಆ ಭಯದಿಂದಲೇ.

ಇಂಗ್ಲಿಷಿನ ಕಥೆಯೂ ಇದೇ. ಹಕಾರ ನುಂಗುವ ಲಂಡನ್ನಿನ ಕಾರ್ಮಿಕರನ್ನು ತಿದ್ದಲು 19ನೇ ಶತಮಾನದಲ್ಲಿ ಕೈಪಿಡಿಗಳೇ ಅಚ್ಚಾದವು. ‘ಕಾರ್’ ಪದದ ಕೊನೆಯ ರಕಾರವನ್ನು ಬಿಡುವುದು ಲಂಡನ್ನಿನಲ್ಲಿ ಸುಶಿಕ್ಷಿತರ ಗುರುತು, ನ್ಯೂಯಾರ್ಕಿನಲ್ಲಿ ಕೆಳವರ್ಗದ ಗುರುತು. ಆ ರಕಾರವನ್ನು ನುಡಿಯುವ ಅಮೆರಿಕನ್ನರು ಈ ವಿಷಯದಲ್ಲಿ ಹಳೆಯ ಇಂಗ್ಲಿಷನ್ನೇ ಕಾಪಾಡಿದವರು. ಆದರೂ ಒಂದು ಕಾಲಕ್ಕೆ ಅವರದು ಕೆಟ್ಟ ಇಂಗ್ಲಿಷ್ ಎನಿಸಿಕೊಂಡಿತ್ತು. 1828ರ ವೆಬ್‌ಸ್ಟರ್ ನಿಘಂಟು, ಆಮೇಲೆ ದೇಶದ ಬಲ, ಸಿನಿಮಾ ಎಲ್ಲ ಬೆನ್ನಿಗೆ ನಿಂತ ಮೇಲೆ ಆ ದೂರು ಅಡಗಿತು. ಚಾಮರಾಜನಗರದ ಮಾತಿಗೆ ಅಂಥ ಬೆಂಬಲ ಇರಲಿಲ್ಲ, ಅಷ್ಟೇ.

ಹಾಗಾದರೆ ಎಲ್ಲರೂ ಆಡಿದಂತೆಯೇ ಬರೆದರೆ ಓದುವವರ ಗತಿ? ಈ ಸೀಮೆ ಎರಡನ್ನೂ ನಿಭಾಯಿಸಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಯಳಂದೂರಿನ ಸಂಚಿ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ನಾಡೆಲ್ಲ ಓದಬಲ್ಲ ಕಾವ್ಯಭಾಷೆಯಲ್ಲಿ ಬರೆದಳು. ನೆರೆಯ ನಂಜನಗೂಡು ಸೀಮೆಯ ದೇವನೂರ ಮಹಾದೇವರು ‘ಕುಸುಮಬಾಲೆ’ಯನ್ನು ಆಡುಮಾತಿನಲ್ಲೇ ಕಟ್ಟಿದರು, ಅರ್ಥವಾಗದೆಂಬ ದೂರಿನ ನಡುವೆಯೂ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದ್ದರಿಂದ ಶಾಲೆಯಲ್ಲಿ ಮಗುವಿಗೆ ‘ಹಬ್ಬ’ ಎಂದು ಬರೆಯಲು ಕಲಿಸಬೇಕು, ಅದರಲ್ಲಿ ಚರ್ಚೆಯಿಲ್ಲ. ‘ಅಬ್ಬ’ ಎಂದು ಆಡಿದ್ದಕ್ಕೆ ಗದರುವ ಹಕ್ಕು ಮಾತ್ರ ಅದರಿಂದ ಹುಟ್ಟುವುದಿಲ್ಲ. ಬರಹದ ಶಿಸ್ತು ಎಲ್ಲರೂ ಸೇರಿ ಮಾಡಿಕೊಂಡ ಒಪ್ಪಂದ. ಅದನ್ನು ಹುಟ್ಟಿನ ಮೇಲ್ಮೆಯೆಂದು ಬಗೆದದ್ದೇ ಈ ನಗುವಿನ ಹಿಂದಿನ ತಪ್ಪು.